ಅಂದು ತಡಮಾಡಿದವರು ವಿಮರ್ಶಕರಲ್ಲ: ‘ಒನ್ಸ್ ಇನ್ ಎ ಲೈಫ್‌ಟೈಮ್’ ಹಾಡನ್ನು ಕುರಿತು

ಪ್ರಶ್ನೆ: ಟಾಕಿಂಗ್ ಹೆಡ್ಸ್ ತಂಡದ ‘ಒನ್ಸ್ ಇನ್ ಎ ಲೈಫ್‌ಟೈಮ್’ ಹಾಡನ್ನು ಈಚೆಗೆ ಮೊದಲ ಸಲ ಕೇಳಿದೆ. ಬಿಡುಗಡೆಯಾದಾಗ ಅದು ಅಮೆರಿಕದ ಮೊದಲ ನೂರು ಹಾಡುಗಳ ಪಟ್ಟಿಯನ್ನೂ ಸೇರಲಿಲ್ಲವಂತೆ. ಈಗ ಸಾರ್ವಕಾಲಿಕ ಶ್ರೇಷ್ಠ ಹಾಡುಗಳ ಸಾಲಿನಲ್ಲಿದೆ. ಅಂದಿನ ವಿಮರ್ಶಕರಿಗೆ ಅದರ ಬೆಲೆ ತಿಳಿಯಲಿಲ್ಲವೇ? ಇನ್ನೊಂದು ಸಂಶಯ: ಇದು ಉಳ್ಳವರ ಬದುಕನ್ನು ಗೇಲಿ ಮಾಡುವ ಹಾಡು ಎಂದು ಹಲವು ಕಡೆ ಓದಿದೆ. ನನಗೆ ಕೇಳುವಾಗ ಗೇಲಿ ಎನ್ನಿಸಲಿಲ್ಲ, ಒಂದು ರೀತಿಯ ದಿಗ್ಭ್ರಮೆ ಎನ್ನಿಸಿತು. ನಾನು ತಪ್ಪಾಗಿ ಕೇಳುತ್ತಿದ್ದೇನೆಯೇ?

ಉತ್ತರ: ನೀವು ಸರಿಯಾಗಿಯೇ ಕೇಳಿದ್ದೀರಿ. ನಿಮ್ಮ ಎರಡನೆಯ ಸಂಶಯವೇ ಹೆಚ್ಚು ಮುಖ್ಯವಾದದ್ದು. ಆದರೆ ಮೊದಲನೆಯದಕ್ಕೆ ಉತ್ತರ ಹೇಳದೆ ಅದರತ್ತ ಹೋಗುವಂತಿಲ್ಲ.

ವಿಮರ್ಶಕರು ಈ ಹಾಡನ್ನು ಕೈಬಿಟ್ಟಿದ್ದರು ಎಂಬುದು ಜನಪ್ರಿಯವಾದ ಕಥೆಯೇ ಹೊರತು ನಿಜವಲ್ಲ. ‘ಒನ್ಸ್ ಇನ್ ಎ ಲೈಫ್‌ಟೈಮ್’ ಇರುವ ‘ರಿಮೇನ್ ಇನ್ ಲೈಟ್’ ಆಲ್ಬಮ್ 1980ರ ಅಕ್ಟೋಬರ್ 8ರಂದು ಸೈರ್ ರೆಕಾರ್ಡ್ಸ್ ಮೂಲಕ ಹೊರಬಂದಿತು. ಅಮೆರಿಕದ ವಿಮರ್ಶಕರ ಮತಗಳನ್ನು ಕೂಡಿಸಿ ‘ವಿಲೇಜ್ ವಾಯ್ಸ್’ ಪತ್ರಿಕೆ ಆ ವರ್ಷದ ಕೊನೆಗೆ ಸಿದ್ಧಪಡಿಸಿದ ಪಟ್ಟಿಯಲ್ಲಿ ಅದಕ್ಕೆ ಮೂರನೆಯ ಸ್ಥಾನ ಸಿಕ್ಕಿತು. ಮೇಲಿದ್ದವು ಎರಡೇ: ದ ಕ್ಲ್ಯಾಶ್ ತಂಡದ ‘ಲಂಡನ್ ಕಾಲಿಂಗ್’ ಮತ್ತು ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನ ‘ದ ರಿವರ್’. ಅಂಕ ಕೊಡುವುದರಲ್ಲಿ ಬಹಳ ಬಿಗಿ ಎಂದು ಹೆಸರಾದ ರಾಬರ್ಟ್ ಕ್ರಿಸ್ಟ್‌ಗೌ ಇದಕ್ಕೆ ‘ಎ’ ಶ್ರೇಣಿ ಕೊಟ್ಟರು. ಹೀಗಿರುವಾಗ ಅಂದಿನ ವಿಮರ್ಶಕರನ್ನು ಕಿವುಡರೆಂದು ದೂರುವುದು ನ್ಯಾಯವಲ್ಲ.

ಕಿವಿಗೊಡದೆ ಹೋದದ್ದು ಅಮೆರಿಕದ ರೇಡಿಯೊ. ಸಿಂಗಲ್ ಆಗಿ, ಎಂದರೆ ಆಲ್ಬಮ್ಮಿನಿಂದ ಬೇರೆಯಾಗಿ ಒಂಟಿ ಹಾಡಾಗಿ ಹೊರಬಂದ ಇದು ಬಿಲ್‌ಬೋರ್ಡ್ ಪತ್ರಿಕೆಯ ‘ಹಾಟ್ 100’ ಪಟ್ಟಿಯ ಹೊಸ್ತಿಲಾಚೆ, 103ನೆಯ ಸ್ಥಾನದಲ್ಲೇ ನಿಂತುಬಿಟ್ಟಿತು. ಅದೇ ಹಾಡು 1981ರ ಆರಂಭದಲ್ಲಿ ಬ್ರಿಟನ್ನಿನಲ್ಲಿ 14ನೆಯ ಸ್ಥಾನದವರೆಗೆ ಏರಿತು. ಈ ಅಂತರಕ್ಕೆ ಅಮೆರಿಕದ ಕೇಳುಗರ ಅಭಿರುಚಿಯನ್ನು ಹೊಣೆ ಮಾಡುವ ಮೊದಲು ಅಲ್ಲಿನ ಬಾನುಲಿ ಕೇಂದ್ರಗಳು ಆಗ ಹೇಗೆ ಹಂಚಿಹೋಗಿದ್ದವು ಎಂಬುದನ್ನು ನೋಡಬೇಕು. ರಾಕ್ ಕೇಂದ್ರಗಳು ಗಿಟಾರ್ ಪ್ರಧಾನವಾದ, ಬಹುಮಟ್ಟಿಗೆ ಬಿಳಿಯರ ಸಂಗೀತವನ್ನು ನುಡಿಸುತ್ತಿದ್ದವು; ಕಪ್ಪು ಜನರ ಸಂಗೀತ ಪರಂಪರೆಯಿಂದ ಬಂದ ಫಂಕ್, ಸೋಲ್, ಡಿಸ್ಕೊ ಎಂಬ ಕುಣಿತದ ಶೈಲಿಗಳಿಗೆ ಬೇರೆಯದೇ ಕೇಂದ್ರಗಳಿದ್ದವು. 1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಜನ ಸೇರಿ ಡಿಸ್ಕೊ ರೆಕಾರ್ಡುಗಳನ್ನು ಸ್ಫೋಟಿಸಿ ಸಂಭ್ರಮಿಸಿದ ಘಟನೆ ನಡೆದು ಆಗಿನ್ನೂ ಒಂದು ವರ್ಷ ಕಳೆದಿತ್ತು ಅಷ್ಟೆ. ಅಂಥ ವಾತಾವರಣದಲ್ಲಿ, ಬಿಳಿಯ ರಾಕ್ ತಂಡವೊಂದು ಸೊಂಟ ಕುಣಿಸುವ ಲಯದ ಮೇಲೆ ಪಾದ್ರಿಯ ಪ್ರವಚನದಂತಹ ಮಾತನ್ನಿಟ್ಟು ಕಳುಹಿಸಿದರೆ, ರಾಕ್ ಕೇಂದ್ರದವನಿಗೆ ಅದು ಡಿಸ್ಕೊ ಎನಿಸುತ್ತದೆ, ಫಂಕ್ ಕೇಂದ್ರದವನಿಗೆ ಯಾರೋ ಕಾಲೇಜು ಹುಡುಗರ ವಿಚಿತ್ರ ಪ್ರಯೋಗ ಎನಿಸುತ್ತದೆ. ಹಾಡು ಎರಡು ಬಾಗಿಲುಗಳ ನಡುವೆ ಬೀದಿಯಲ್ಲೇ ಉಳಿಯಿತು.

ಕಾಲೇಜು ಹುಡುಗರು ಎಂಬ ಮಾತು ಒಂದು ಮಟ್ಟಿಗೆ ನಿಜವೂ ಹೌದು. ಗಾಯಕ ಡೇವಿಡ್ ಬರ್ನ್, ಡ್ರಮ್ಸ್ ನುಡಿಸುವ ಕ್ರಿಸ್ ಫ್ರಾಂಟ್ಜ್, ಬಾಸ್ ಗಿಟಾರಿನ ಟೀನಾ ವೇಮೌತ್ ಮೂವರೂ ರೋಡ್ ಐಲೆಂಡಿನ ಕಲಾ ಶಾಲೆಯಲ್ಲಿ ಕಲಿತವರು. 1975ರಲ್ಲಿ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಲ್ಲಿ ರಮೋನ್ಸ್ ತಂಡದ ಕಾರ್ಯಕ್ರಮಕ್ಕೆ ಮುಂಚೆ ನುಡಿಸುವುದರೊಂದಿಗೆ ಇವರ ಪಯಣ ಶುರುವಾಯಿತು. ಕೀಬೋರ್ಡ್ ಮತ್ತು ಗಿಟಾರ್ ನುಡಿಸುವ ಜೆರಿ ಹ್ಯಾರಿಸನ್ 1977ರಲ್ಲಿ ಸೇರಿಕೊಂಡರು. ಇಂಥ ತಂಡಗಳಿಗೆ ಕೊಟ್ಟ ‘ನ್ಯೂ ವೇವ್’ ಎಂಬ ಹೆಸರು ಆಗ ಎಷ್ಟು ಸಂಗೀತದ್ದೋ ಅಷ್ಟೇ ವ್ಯಾಪಾರದ್ದೂ ಆಗಿತ್ತು. ‘ಪಂಕ್’ ಎಂಬ ಒರಟು, ಬಂಡಾಯದ ರಾಕ್ ಎಂದರೆ ರೇಡಿಯೊದವರು ಹೆದರುತ್ತಿದ್ದ ಕಾಲದಲ್ಲಿ ಸೈರ್ ಸಂಸ್ಥೆಯ ಸೀಮೋರ್ ಸ್ಟೈನ್ ಈ ಹೊಸ ಹೆಸರನ್ನು ಹುರುಪಿನಿಂದ ಮುಂದೆ ತಂದರು. ಆ ಹಣೆಪಟ್ಟಿಯ ಕೆಳಗೆ ಬಂದ ತಂಡಗಳಲ್ಲಿ ಟಾಕಿಂಗ್ ಹೆಡ್ಸ್‌ನಷ್ಟು ದೂರ ನಡೆದವರು ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಹಾಡು ಹೇಗೆ ಕೂಡಿಬಂದಿತು ಎಂಬುದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮಗಾದ ದಿಗ್ಭ್ರಮೆಯ ಮೂಲ ಅಲ್ಲಿಯೇ ಇದೆ. 1980ರ ಬೇಸಿಗೆಯಲ್ಲಿ ತಂಡ ಬಹಾಮಾಸ್ ದ್ವೀಪಗಳ ನಸ್ಸಾವಿನಲ್ಲಿದ್ದ ಕಂಪಾಸ್ ಪಾಯಿಂಟ್ ಸ್ಟುಡಿಯೊಗೆ ಹೋಯಿತು. ನಿರ್ಮಾಪಕ ಬ್ರಯಾನ್ ಈನೊ. ಮೊದಲೇ ಬರೆದಿಟ್ಟ ಹಾಡುಗಳು ಅವರ ಬಳಿ ಇರಲಿಲ್ಲ. ನೈಜೀರಿಯಾದ ಫೆಲಾ ಕುಟಿಯ ಸಂಗೀತವನ್ನು ಅವರೆಲ್ಲ ತಲೆತುಂಬ ತುಂಬಿಕೊಂಡಿದ್ದರು. ಎಲ್ಲರೂ ಸೇರಿ ಗಂಟೆಗಟ್ಟಲೆ ನುಡಿಸುವುದು, ಅದರಲ್ಲಿ ಚೆನ್ನಾಗಿ ಕೂತ ಒಂದೆರಡು ಸಾಲನ್ನು ಹಿಡಿದು ಕೈಯಿಂದಲೇ ಮತ್ತೆ ಮತ್ತೆ ನುಡಿಸುತ್ತ ಹೋಗುವುದು, ಒಂದರ ಮೇಲೊಂದು ಪದರ ಹಾಕುವುದು, ಆಮೇಲೆ ಯಾವ ಪದರ ಎಲ್ಲಿ ಕೇಳಿಸಬೇಕು, ಎಲ್ಲಿ ಅಡಗಬೇಕು ಎಂದು ಮಿಕ್ಸಿಂಗ್ ಮೇಜಿನ ಮುಂದೆ ಕೂತು ತೀರ್ಮಾನಿಸುವುದು: ಇದು ಅವರು ಆರಿಸಿಕೊಂಡ ವಿಧಾನ. ಮಾತು ಬಂದದ್ದು ಆ ನಂತರ, ನ್ಯೂಯಾರ್ಕಿಗೆ ಮರಳಿದ ಮೇಲೆ.

‘ರೈಟ್ ಸ್ಟಾರ್ಟ್’ ಎಂಬ ತಾತ್ಕಾಲಿಕ ಹೆಸರಿನಲ್ಲಿದ್ದ ಈ ತುಣುಕನ್ನು ಈನೊ ಹೆಚ್ಚುಕಡಿಮೆ ಕೈಬಿಟ್ಟಿದ್ದರು. ಕಾರಣ ಸರಳ. ರಾಕ್ ಹಾಡಿನಲ್ಲಿ ಚರಣದಿಂದ ಪಲ್ಲವಿಗೆ ಹೋಗುವಾಗ ಸ್ವರಮೇಳ ಬದಲಾಗಬೇಕು, ಆ ಬದಲಾವಣೆಯೇ ಕೇಳುಗನಿಗೆ ‘ಈಗ ಬಂತು’ ಎಂಬ ಸುಖ ಕೊಡುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಬಾಸ್ ಗಿಟಾರ್ ಕೆಲವೇ ಸ್ವರ ನುಡಿದು ಸುಮ್ಮನಾಗುತ್ತದೆ, ಮತ್ತೆ ಅದನ್ನೇ ನುಡಿಯುತ್ತದೆ, ಮತ್ತೆ ಸುಮ್ಮನಾಗುತ್ತದೆ. ಅದರ ಮೇಲೆ ಹ್ಯಾರಿಸನ್ ನುಡಿಸಿದ ಸಿಂಥಸೈಸರ್ ಕುದಿಯುವ ನೀರಿನ ಗುಳ್ಳೆಗಳ ಹಾಗೆ ಎಡೆಬಿಡದೆ ಏಳುತ್ತಿರುತ್ತದೆ. ಬರ್ನ್‌ಗೆ ಮಾತ್ರ ಈ ತುಣುಕಿನಲ್ಲಿ ನಂಬಿಕೆಯಿತ್ತು. ಕೊನೆಗೆ ಈನೊ ಪದಗಳಿಲ್ಲದೆ ಒಂದು ರಾಗದ ಎಳೆ ಗುನುಗಿದರು, ಅದೇ ಪಲ್ಲವಿಯಾಯಿತು.

ಇನ್ನೂ ಒಂದು ಸಂಗತಿ ಇದೆ, ತಾಳ ಬಲ್ಲ ಕನ್ನಡ ಓದುಗರಿಗೆ ಇದು ತಟ್ಟನೆ ಹಿಡಿಸುತ್ತದೆ. ನಾಲ್ಕು ಏಟಿನ ಆವರ್ತನದಲ್ಲಿ ಉಳಿದವರು ಯಾವುದನ್ನು ಮೂರನೆಯ ಏಟು ಎಂದುಕೊಂಡಿದ್ದರೋ ಅದನ್ನೇ ಈನೊ ಮೊದಲನೆಯ ಏಟು ಎಂದು ಕೇಳುತ್ತಿದ್ದರು. ಕಛೇರಿಯಲ್ಲಿ ಅಕ್ಕಪಕ್ಕ ಕೂತು ತಾಳ ಹಾಕುವ ಇಬ್ಬರಲ್ಲಿ ಒಬ್ಬರ ಸಮ ಇನ್ನೊಬ್ಬರ ಸಮಕ್ಕಿಂತ ಎರಡು ಏಟು ಆಚೆ ಬಿದ್ದ ಹಾಗೆ. ಕಛೇರಿಯಲ್ಲಾದರೆ ಒಬ್ಬರು ತಿದ್ದಿಕೊಳ್ಳುತ್ತಾರೆ. ಇಲ್ಲಿ ತಿದ್ದಲಿಲ್ಲ; ಬದಲಾಗಿ, ಒಬ್ಬೊಬ್ಬರೂ ತಮಗೆ ಕೇಳಿಸಿದ ಏಟನ್ನೇ ಒತ್ತಿ ನುಡಿಸಲಿ ಎಂದು ಈನೊ ಪ್ರೋತ್ಸಾಹಿಸಿದರು. ಆದ್ದರಿಂದಲೇ ಈ ಹಾಡಿಗೆ ಬೆರಳು ಕುಟ್ಟುತ್ತ ಕೂತವರಿಗೆ ಪಾದದ ಕೆಳಗಿನ ನೆಲ ಸ್ವಲ್ಪ ಸರಿದಂತೆ ಭಾಸವಾಗುತ್ತದೆ. ‘ನಾನು ಇಲ್ಲಿಗೆ ಬಂದದ್ದು ಹೇಗೆ?’ ಎಂದು ಹಾಡಿನ ಮನುಷ್ಯ ಕೇಳುವ ಮೊದಲೇ, ‘ಮೊದಲ ಏಟು ಎಲ್ಲಿದೆ?’ ಎಂದು ನಮ್ಮ ಕಿವಿ ಕೇಳಿಕೊಂಡಿರುತ್ತದೆ.

ಈಗ ಗೇಲಿಯ ವಿಚಾರಕ್ಕೆ ಬರೋಣ. ಹಾಡಿನ ಚರಣಗಳಲ್ಲಿ ಬರ್ನ್ ಹಾಡುವುದಿಲ್ಲ, ಪ್ರವಚನ ಮಾಡುತ್ತಾರೆ. ಒಂದು ದಿನ ನೀನು ಯಾವುದೋ ಗುಡಿಸಲಿನಲ್ಲಿರಬಹುದು, ಇನ್ನೆಲ್ಲೋ ದೊಡ್ಡ ಕಾರಿನ ಚಕ್ರದ ಹಿಂದೆ ಇರಬಹುದು, ಅಂದವಾದ ಮನೆಯಲ್ಲಿ ಅಂದವಾದ ಮಡದಿಯೊಂದಿಗೆ ಇರಬಹುದು, ಆಗ ನಿನ್ನನ್ನೇ ನೀನು ಕೇಳಿಕೊಳ್ಳಬಹುದು ಎಂದು ಒಂದೇ ಕಟ್ಟಿನ ವಾಕ್ಯಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋಗುತ್ತಾರೆ. ಈ ಧಾಟಿ ಅಮೆರಿಕದ ರೇಡಿಯೊದಲ್ಲಿ ಬೋಧಿಸುವ ಪಾದ್ರಿಗಳದ್ದು. ಬರ್ನ್ ಮತ್ತು ಈನೊ ಅದೇ ಅವಧಿಯಲ್ಲಿ ತಯಾರಿಸುತ್ತಿದ್ದ, 1981ರಲ್ಲಿ ಹೊರಬಂದ ‘ಮೈ ಲೈಫ್ ಇನ್ ದ ಬುಷ್ ಆಫ್ ಗೋಸ್ಟ್ಸ್’ ಎಂಬ ಆಲ್ಬಮ್ಮಿನಲ್ಲಿ ರೇಡಿಯೊ ಪಾದ್ರಿಗಳ ದನಿಯನ್ನೇ ನೇರವಾಗಿ ಬಳಸಿಕೊಂಡಿದ್ದಾರೆ. ಆ ದನಿಗಳ ಏರಿಳಿತವನ್ನು ತನ್ನ ಗಂಟಲಿಗೆ ತಂದುಕೊಂಡು ಬರ್ನ್ ಈ ಚರಣಗಳನ್ನು ಬರೆದರು. ಹರಿಕಥೆ ಕೇಳಿ ಬೆಳೆದವರಿಗೆ ಈ ಉಪಾಯ ಹೊಸದಲ್ಲ: ದಾಸರು ಕಥೆಯನ್ನು ನಿಲ್ಲಿಸಿ, ಸಭೆಯತ್ತ ತಿರುಗಿ, ‘ಯಾರಿಗಾಗಿ ಇದೆಲ್ಲ ಕೂಡಿಟ್ಟೆ?’ ಎಂದು ಕೇಳಿದಾಗ ಅವರು ನಮ್ಮನ್ನು ಗೇಲಿ ಮಾಡುತ್ತಿರುವುದಿಲ್ಲ.

ಪ್ರವಚನಕಾರ ಪ್ರಶ್ನೆ ಕೇಳುತ್ತಾನೆ. ಉತ್ತರ ಪಲ್ಲವಿಯಲ್ಲಿ ಬರುತ್ತದೆ. ಆ ಉತ್ತರದಲ್ಲಿ ಮನೆ, ಕಾರುಗಳ ಸುಳಿವೇ ಇಲ್ಲ, ಇರುವುದು ನೀರು. ದಿನಗಳು ಸರಿದುಹೋಗುತ್ತವೆ, ನೀರು ತನ್ನನ್ನು ಒಳಗೆ ಸೆಳೆದುಕೊಳ್ಳುತ್ತದೆ, ನೆಲದಡಿಯಲ್ಲಿ ನೀರು ಹರಿಯುತ್ತಿದೆ. ಮಾತಿನಿಂದ ಹಾಡಿಗೆ ದನಿ ಬಿಚ್ಚಿಕೊಳ್ಳುವ ಆ ಕ್ಷಣದಲ್ಲಿ ಒಂದು ಶರಣಾಗತಿಯಿದೆ. ಗೇಲಿ ಮಾಡುವ ಉದ್ದೇಶವಿದ್ದವರು ಹಾಡಿನ ಅತ್ಯಂತ ಸುಂದರವಾದ ಭಾಗವನ್ನು ಈ ಶರಣಾಗತಿಗೆ ಮೀಸಲಿಡುತ್ತಿರಲಿಲ್ಲ. ಬರ್ನ್ ಕೂಡ ಮುಂದೆ ಎನ್‌ಪಿಆರ್ ಎಂಬ ಅಮೆರಿಕದ ಸಾರ್ವಜನಿಕ ರೇಡಿಯೊದ ಸಂದರ್ಶನದಲ್ಲಿ ಹೇಳಿದ್ದು ಇದನ್ನೇ: ನಾವು ಬಹುಮಟ್ಟಿಗೆ ಅರೆನಿದ್ರೆಯಲ್ಲೇ ಬದುಕುತ್ತೇವೆ, ಮನೆ, ಸಂಸಾರ, ಕೆಲಸ ಎಲ್ಲವೂ ಹೇಗೋ ಕೂಡಿಬಂದಿರುತ್ತವೆ, ಇಲ್ಲಿಗೆ ಬಂದದ್ದು ಹೇಗೆಂದು ನಿಂತು ಕೇಳಿಕೊಂಡಿರುವುದಿಲ್ಲ. ಆ ಮಾತಿನಲ್ಲಿರುವುದು ‘ನಾವು’, ‘ಅವರು’ ಅಲ್ಲ.

ಹಾಗಾದರೆ ಗೇಲಿಯ ಓದು ಎಲ್ಲಿಂದ ಬಂತು? ಇಲ್ಲಿ ಕಾಲಾನುಕ್ರಮವನ್ನು ಗಮನಿಸಬೇಕು. ರೊನಾಲ್ಡ್ ರೇಗನ್ ಆಳ್ವಿಕೆಯ ಕಾಲದ ಹಣದ ಮೋಹವನ್ನು, ನಗರದ ಹೊಸ ಶ್ರೀಮಂತರನ್ನು ಈ ಹಾಡು ಚುಚ್ಚುತ್ತದೆ ಎಂದು ಬರೆದವರುಂಟು. ಆದರೆ ರೇಗನ್ ಚುನಾಯಿತರಾದದ್ದು 1980ರ ನವೆಂಬರ್ 4ರಂದು. ಅಷ್ಟರಲ್ಲಿ ಆಲ್ಬಮ್ ಅಂಗಡಿಗೆ ಬಂದು ನಾಲ್ಕು ವಾರವಾಗಿತ್ತು. ಇನ್ನೂ ಆರಂಭವಾಗದ ಒಂದು ಯುಗವನ್ನು ಹಾಡು ಅಣಕಿಸಿತು ಎನ್ನುವುದು ಕಷ್ಟ. ನನ್ನ ಎಣಿಕೆಯಲ್ಲಿ ಆ ಅರ್ಥ ಹಾಡಿಗೆ ಗಟ್ಟಿಯಾಗಿ ಅಂಟಿಕೊಂಡದ್ದು 1986ರಲ್ಲಿ. ಆ ವರ್ಷ ಬಂದ ಪಾಲ್ ಮಜುರ್ಸ್ಕಿ ನಿರ್ದೇಶನದ ‘ಡೌನ್ ಅಂಡ್ ಔಟ್ ಇನ್ ಬೆವರ್ಲಿ ಹಿಲ್ಸ್’ ಎಂಬ ಹಾಸ್ಯ ಚಿತ್ರ ಈ ಹಾಡನ್ನು ಬಳಸಿಕೊಂಡಿತು. ಬೀದಿಯಲ್ಲಿ ಬದುಕುವ ಒಬ್ಬ ಮನುಷ್ಯ ಬೆವರ್ಲಿ ಹಿಲ್ಸ್‌ನ ಸಿರಿವಂತರ ಮನೆ ಹೊಕ್ಕುವ ಕಥೆ ಅದು. ಹಾಡಿನ ನೇರ ಕಾರ್ಯಕ್ರಮದ ಆವೃತ್ತಿ ಅದೇ ವರ್ಷ ಕೊನೆಗೂ ಅಮೆರಿಕದ ‘ಹಾಟ್ 100’ ಪಟ್ಟಿಯೊಳಗೆ, 91ನೆಯ ಸ್ಥಾನಕ್ಕೆ ಬಂದಿತು. ಅಂದರೆ ಅಮೆರಿಕದ ಬಹಳಷ್ಟು ಕೇಳುಗರು ಈ ಹಾಡನ್ನು ಸಿರಿವಂತಿಕೆಯ ಅಣಕದ ಜೊತೆಗೇ ಮನಸ್ಸಿಗೆ ತಂದುಕೊಂಡರು. ಚಿತ್ರದ ತಪ್ಪೇನೂ ಇಲ್ಲ. ಆದರೆ ಒಂದು ಹಾಡಿನ ಅರ್ಥ ಕೆಲವು ಸಲ ಅದನ್ನು ಮೊದಲು ಯಾವ ದೃಶ್ಯದೊಂದಿಗೆ ನೋಡಿದೆವು ಎಂಬುದರಿಂದಲೇ ನಿರ್ಧಾರವಾಗಿಬಿಡುತ್ತದೆ.

ದೃಶ್ಯದ ಮಾತು ಬಂದದ್ದರಿಂದ ಮೂಲ ವಿಡಿಯೊ ಬಗ್ಗೆ ಹೇಳಲೇಬೇಕು. ಇದನ್ನು ಬರ್ನ್ ಜೊತೆ ಸೇರಿ ನಿರ್ದೇಶಿಸಿ, ಚಲನೆಗಳನ್ನು ಸಂಯೋಜಿಸಿದವರು ಟೋನಿ ಬೇಸಿಲ್. (‘ಮಿಕಿ’ ಹಾಡಿನ ಗಾಯಕಿಯೆಂದು ಮಾತ್ರ ಅವರನ್ನು ನೆನೆಯುವವರು ಅವರ ನೃತ್ಯದ ಕೆಲಸವನ್ನು ನೋಡಬೇಕು.) ಇಬ್ಬರೂ ಪ್ರವಚನಕಾರರ, ಧಾರ್ಮಿಕ ಆವೇಶಕ್ಕೆ ಒಳಗಾದವರ, ಬೇರೆ ಬೇರೆ ದೇಶಗಳ ಆಚರಣೆಗಳ ಚಿತ್ರೀಕರಣಗಳನ್ನು ತರಿಸಿ ನೋಡಿ, ಅಲ್ಲಿಂದ ಚಲನೆಗಳನ್ನು ಆರಿಸಿಕೊಂಡರು. ಸೂಟು, ಬೋ ಟೈ, ದಪ್ಪ ಕನ್ನಡಕ ಧರಿಸಿದ ಬರ್ನ್ ಮೈಮೇಲೆ ಬಂದವರಂತೆ ಬೆವರುತ್ತಾರೆ, ಹಣೆ ಬಡಿದುಕೊಳ್ಳುತ್ತಾರೆ, ಬೆನ್ನು ಹಿಂದಕ್ಕೆ ಬಾಗಿ ಎಳೆದಂತೆ ಜೋಲುತ್ತಾರೆ, ಮುಂಗೈ ಮೇಲೆ ಅಂಗೈಯಿಂದ ಕಡಿಯುವಂತೆ ಹೊಡೆಯುತ್ತ ಹೋಗುತ್ತಾರೆ. ಆ ಬೆವರನ್ನು ನೋಡಿ. ವ್ಯಂಗ್ಯಕಾರ ಬೆವರುವುದಿಲ್ಲ. 1981ರ ಆಗಸ್ಟ್ 1ರಂದು ಹಾಡುಗಳ ವಿಡಿಯೊಗಳನ್ನೇ ತೋರಿಸುವ ಎಂಟಿವಿ ವಾಹಿನಿ ಆರಂಭವಾದಾಗ ಅದರ ಬಳಿ ತೋರಿಸಲು ವಿಡಿಯೊಗಳೇ ಕಡಿಮೆ ಇದ್ದವು. ರೇಡಿಯೊ ಮುಚ್ಚಿದ್ದ ಬಾಗಿಲನ್ನು ಈ ಹಾಡಿಗೆ ತೆರೆದದ್ದು ಟೆಲಿವಿಷನ್.

ವಿಮರ್ಶಕರು ಆಗ ನಿಜವಾಗಿ ಎಡವಿದ ಜಾಗ ಬೇರೆ ಇದೆ, ಮತ್ತು ಅದನ್ನು ನೀವು ಕೇಳದಿದ್ದರೂ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಆಲ್ಬಮ್ ಜೊತೆಗೆ ಪತ್ರಿಕೆಗಳಿಗೆ ಕಳುಹಿಸಿದ ಟಿಪ್ಪಣಿಯಲ್ಲಿ ಬರ್ನ್ ಒಂದು ಓದಿನ ಪಟ್ಟಿಯನ್ನೇ ಸೇರಿಸಿದ್ದರು. ಘಾನಾದ ವಾದ್ಯ ಪರಂಪರೆಯನ್ನು ಕಲಿತು ಜಾನ್ ಮಿಲ್ಲರ್ ಚೆರ್ನೊಫ್ ಬರೆದ, 1979ರಲ್ಲಿ ಪ್ರಕಟವಾದ ಆಫ್ರಿಕನ್ ಲಯದ ಪುಸ್ತಕ ಅದರಲ್ಲಿತ್ತು. ಋಣವನ್ನು ಮುಚ್ಚಿಡದ ಆ ನಡೆ ಒಳ್ಳೆಯದೇ. ಆದರೆ ಅದರ ಒಂದು ಪರಿಣಾಮವೆಂದರೆ, ವಿಮರ್ಶೆಯ ಚರ್ಚೆ ಬರ್ನ್ ಎಂಬ ಚಿಂತಕನ ಸುತ್ತ, ಈನೊ ಎಂಬ ಪ್ರಯೋಗಶೀಲನ ಸುತ್ತ ಗಿರಕಿ ಹೊಡೆಯಿತು. ಹಾಡು ಬರೆದವರು ಯಾರೆಂದು ಆಲ್ಬಮ್ಮಿನಲ್ಲಿ ಅಚ್ಚಾದ ಸಾಲು ಅದನ್ನು ಇನ್ನಷ್ಟು ಗಟ್ಟಿ ಮಾಡಿತು: ಅಲ್ಲಿ ಬರ್ನ್ ಮತ್ತು ಈನೊ ಹೆಸರುಗಳೇ ಮುಂದೆ ನಿಂತಿದ್ದವು. ಜೊತೆಯಾಗಿ ಆ ಲಯವನ್ನು ಕಟ್ಟಿದ ಫ್ರಾಂಟ್ಜ್, ವೇಮೌತ್, ಹ್ಯಾರಿಸನ್ ಅವರಿಗೆ ಇದು ನೋವು ತಂದಿತು, ಮತ್ತು ಆ ನೋವು ಸಕಾರಣವಾದದ್ದು. ಬಾಸ್ ಮತ್ತು ಡ್ರಮ್ಸ್ ತೆಗೆದುಹಾಕಿದರೆ ಈ ಹಾಡಿನಲ್ಲಿ ಪ್ರವಚನ ಮಾತ್ರ ಉಳಿಯುತ್ತದೆ.

ಆಫ್ರಿಕದ ಕಡೆಯಿಂದ ಬಂದ ಅತ್ಯುತ್ತಮ ಪ್ರತಿಕ್ರಿಯೆಗೆ ಬಹಳ ವರ್ಷ ಕಾಯಬೇಕಾಯಿತು. ಬೆನಿನ್ ದೇಶದ ಗಾಯಕಿ ಆಂಜೆಲಿಕ್ ಕಿಜೊ 1983ರಲ್ಲಿ ತಾಯ್ನಾಡು ಬಿಟ್ಟು ಪ್ಯಾರಿಸ್ ಸೇರಿದಾಗ ಈ ಹಾಡನ್ನು ಕೇಳಿದರಂತೆ. ಇದು ನಮ್ಮ ಸಂಗೀತ ಎಂದು ಅವರು ಹೇಳಿದಾಗ, ಇದು ರಾಕ್, ಆಫ್ರಿಕದವರಿಂದ ಇಷ್ಟು ಸೂಕ್ಷ್ಮವಾದದ್ದು ಸಾಧ್ಯವಿಲ್ಲ ಎಂಬ ಉತ್ತರ ಅಲ್ಲಿದ್ದವರಿಂದ ಬಂದಿತೆಂದು ಅವರೇ ಹೇಳಿಕೊಂಡಿದ್ದಾರೆ. 2018ರಲ್ಲಿ ಕಿಜೊ ‘ರಿಮೇನ್ ಇನ್ ಲೈಟ್’ ಆಲ್ಬಮ್ಮಿನ ಎಲ್ಲ ಹಾಡುಗಳನ್ನೂ ತಮ್ಮದೇ ರೀತಿಯಲ್ಲಿ ಹಾಡಿ ಹೊರತಂದರು. ಅದರಲ್ಲಿ ಡ್ರಮ್ಸ್ ನುಡಿಸಿದವರಲ್ಲಿ ಟೋನಿ ಅಲೆನ್ ಇದ್ದರು, ಫೆಲಾ ಕುಟಿಯ ತಂಡದ ಲಯದ ಬೆನ್ನೆಲುಬಾಗಿದ್ದವರು. ನಸ್ಸಾವಿನಲ್ಲಿ ಕೂತು ನಾಲ್ವರು ರೆಕಾರ್ಡುಗಳಿಂದ ಕಲಿತದ್ದನ್ನು ಅದರ ಮೂಲದಲ್ಲಿದ್ದವರೇ ನುಡಿಸಿ ತೋರಿಸಿದರು. ಈ ಹಾಡಿನ ಬಗ್ಗೆ ಬಂದಿರುವ ವಿಮರ್ಶೆಗಳಲ್ಲೆಲ್ಲ ನನಗೆ ಇದೇ ದೊಡ್ಡದು. ಅದು ಬರಹದಲ್ಲಿಲ್ಲ ಅಷ್ಟೆ.

ಆಮೇಲಿನ ಮನ್ನಣೆಗಳ ಪಟ್ಟಿ ನಿಮಗೆ ಎಲ್ಲಿಯಾದರೂ ಸಿಗುತ್ತದೆ. 20ನೆಯ ಶತಮಾನದ ಅತಿ ಮುಖ್ಯ 100 ಅಮೆರಿಕನ್ ಸಂಗೀತ ಕೃತಿಗಳಲ್ಲಿ ಎನ್‌ಪಿಆರ್ ಇದನ್ನು ಸೇರಿಸಿತು. ‘ರೋಲಿಂಗ್ ಸ್ಟೋನ್’ ಪತ್ರಿಕೆಯ 2021ರ 500 ಶ್ರೇಷ್ಠ ಹಾಡುಗಳ ಪಟ್ಟಿಯಲ್ಲಿ ಇದು 28ನೆಯದು. ಇಡೀ ಆಲ್ಬಮ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ 2017ರಲ್ಲಿ ಸೇರಿತು.

ನಿಮ್ಮ ಕಿವಿಯನ್ನೇ ನಂಬಿ ಮುಂದುವರಿಯಿರಿ. ಒಂದು ಕ್ರಮ ಮಾತ್ರ ಸೂಚಿಸುತ್ತೇನೆ. ಮೊದಲು ಆಲ್ಬಮ್ಮಿನ ಮುದ್ರಣವನ್ನು ಹೆಡ್‌ಫೋನ್ ಹಾಕಿಕೊಂಡು, ಬಾಸ್ ಸುಮ್ಮನಾಗುವ ಎಡೆಗಳನ್ನು ಮಾತ್ರ ಗಮನಿಸುತ್ತ ಕೇಳಿ. ಕೊನೆಯ ಭಾಗದಲ್ಲಿ ಹ್ಯಾರಿಸನ್‌ರ ಹ್ಯಾಮಂಡ್ ಆರ್ಗನ್ ಏರಿ ಬರುತ್ತದೆ. ಆ ನುಡಿಸಾಣಿಕೆಯನ್ನು ಅವರು ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ‘ವಾಟ್ ಗೋಸ್ ಆನ್’ ಹಾಡಿನಿಂದ ಪಡೆದರು. ಅದುವರೆಗೆ ತಡೆದಿಟ್ಟಿದ್ದ ಬಿಡುಗಡೆಯೆಲ್ಲ ಅಲ್ಲಿ ಒಮ್ಮೆಲೇ ಸಿಗುತ್ತದೆ. ನಂತರ ತಂಡದ ವೇದಿಕೆ ಕಾರ್ಯಕ್ರಮವನ್ನೇ ಸೆರೆಹಿಡಿದ ‘ಸ್ಟಾಪ್ ಮೇಕಿಂಗ್ ಸೆನ್ಸ್’ ಚಿತ್ರ ನೋಡಿ. ಹಾಲಿವುಡ್ಡಿನ ಪ್ಯಾಂಟೇಜಸ್ ರಂಗಮಂದಿರದಲ್ಲಿ 1983ರ ಡಿಸೆಂಬರ್‌ನಲ್ಲಿ ಜೊನಾಥನ್ ಡೆಮಿ ಚಿತ್ರಿಸಿದ್ದು ಅದು, 2023ರಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಿತು. ಈ ಹಾಡು ಬಂದಾಗ ಡೆಮಿ ಕ್ಯಾಮೆರಾವನ್ನು ಬರ್ನ್ ಮೇಲಿಂದ ಹೆಚ್ಚುಕಡಿಮೆ ಕದಲಿಸುವುದೇ ಇಲ್ಲ. ಕತ್ತಲೆಯ ಹಿನ್ನೆಲೆ, ಪಕ್ಕದಿಂದ ಬೀಳುವ ಬೆಳಕು, ಕನ್ನಡಕ, ಆ ಮುಖ. ಕೊನೆಯಲ್ಲಿ ಕಿಜೊ ಅವರ ಆವೃತ್ತಿಗೆ ಬನ್ನಿ, ಮತ್ತು ಈ ಸಲ ಮೊದಲ ಏಟು ಎಲ್ಲಿ ಬೀಳುತ್ತದೆಂದು ಎಣಿಸಿ ನೋಡಿ.